ಕಲ್ಲಿದ್ದಲಿಲ್ಲದ ನಾಡಿನ ದಿವಾನರು

ಹಳೆಯ ಮೈಸೂರು ಸಂಸ್ಥಾನದ ಸಂಪತ್ತನ್ನು ಪಟ್ಟಿ ಮಾಡಿದವರೆಲ್ಲ ಕೋಲಾರದ ಚಿನ್ನ, ಬಾಬಾಬುಡನ್ ಬೆಟ್ಟಸಾಲಿನ ಕಬ್ಬಿಣದ ಅದಿರು, ಮಲೆನಾಡಿನ ಮರಮುಟ್ಟು, ಶ್ರೀಗಂಧ ಇವುಗಳನ್ನು ತಪ್ಪದೆ ಹೆಸರಿಸಿದ್ದಾರೆ. ಆ ಪಟ್ಟಿಯಲ್ಲಿ ಕಾಣಿಸದ ವಸ್ತುವೊಂದಿದೆ. ಅದು ಕಲ್ಲಿದ್ದಲು. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆ, ರೈಲು, ಹಡಗು ಎಲ್ಲವೂ ಕಲ್ಲಿದ್ದಲನ್ನು ಉರಿಸಿಯೇ ಚಲಿಸುತ್ತಿದ್ದವು. ಇಂಗ್ಲೆಂಡಿನ ಏಳಿಗೆಗೆ ಅದರ ಗಣಿಗಳು ಆಧಾರವಾಗಿದ್ದವು. ಬಂಗಾಳ ಬಿಹಾರಗಳ ಗಣಿಗಳಿಂದ ಸಾವಿರ ಮೈಲಿಗೂ ಹೆಚ್ಚು ದೂರವಿದ್ದ ಮೈಸೂರಿಗೆ ಆ ಹಾದಿ ಸುಲಭವಾಗಿರಲಿಲ್ಲ. ಕಲ್ಲಿದ್ದಲಿಲ್ಲದ ನಾಡು ಯಾವ ಶಕ್ತಿಯನ್ನು ನೆಚ್ಚಿ ಬಾಳಬೇಕು ಎಂಬ ಪ್ರಶ್ನೆ ಆ ಸಂಸ್ಥಾನದ ಆಡಳಿತಗಾರರ ಮುಂದೆ ಸದಾ ಇದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಾರ್ವಜನಿಕ ಜೀವನದ ಬಹುಭಾಗವನ್ನು ಈ ಪ್ರಶ್ನೆಗೆ ನೀಡಿದ ಉತ್ತರವೆಂದು ಓದಲು ಸಾಧ್ಯ. ಆ ಉತ್ತರದ ಸಾರ್ಥಕತೆಯನ್ನೂ ಅದಕ್ಕೆ ತೆರಬೇಕಾಗಿ ಬಂದ ಬೆಲೆಯನ್ನೂ ಒಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ಜನ್ಮವರ್ಷವನ್ನು 1860 ಎಂದೂ 1861 ಎಂದೂ ಬರೆಯುವುದುಂಟು. ತಂದೆ ಮೋಕ್ಷಗುಂಡಂ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯ ಪಡೆದು, ಮನೆಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಪದವಿಯವರೆಗೆ ಓದಿದ. ಆ ವಿದ್ಯಾರ್ಥಿ ದೆಸೆಯ ನಡುವೆಯೇ 1876ರಿಂದ 1878ರವರೆಗಿನ ಮಹಾಕ್ಷಾಮ ಸಂಭವಿಸಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಳ್ಳಿಗೆ ಹಳ್ಳಿಯೇ ಬರಿದಾದ ಆ ವರ್ಷಗಳನ್ನು ಕಂಡ ತಲೆಮಾರಿಗೆ ಮಳೆಯೆಂಬುದು ಕೇವಲ ಹವಾಮಾನದ ವಿಷಯವಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ಮಳೆ ಏಕೆ ತಪ್ಪಿತು ಎಂಬುದಕ್ಕೆ ಆ ಕಾಲದಲ್ಲಿ ಹಲವು ವಿವರಣೆಗಳು ಪ್ರಚಲಿತವಾಗಿದ್ದವು. ಜನಸಾಮಾನ್ಯರು ಅದನ್ನು ದೈವದ ಮುನಿಸೆಂದು ಬಗೆದರು. ಅರಣ್ಯಾಧಿಕಾರಿಗಳಲ್ಲಿ ಕೆಲವರು ಕಾಡು ಕಡಿದುದರ ಫಲವೆಂದು ವಾದಿಸಿದರು, ಇನ್ನು ಕೆಲವರು ಅದನ್ನು ಒಪ್ಪಲಿಲ್ಲ. ಖಗೋಳವಿಜ್ಞಾನಿ ನಾರ್ಮನ್ ಲಾಕ್‌ಯರ್ ಮತ್ತು ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಡಬ್ಲ್ಯು. ಹಂಟರ್ 1877ರಲ್ಲಿ ದಕ್ಷಿಣ ಭಾರತದ ಕ್ಷಾಮಗಳಿಗೂ ಸೂರ್ಯನ ಮೇಲಿನ ಕಲೆಗಳ ಏರಿಳಿತಕ್ಕೂ ಸಂಬಂಧ ಕಲ್ಪಿಸಿ ಬರೆದರು. ಆ ಸಂಬಂಧ ಮುಂದೆ ನಿಲ್ಲಲಿಲ್ಲ. ಆದರೂ ಅದು ಆಳುವವರಿಗೆ ಅನುಕೂಲವಾದ ವಾದವಾಗಿತ್ತು. ಹೊಣೆ ಸೂರ್ಯನದಾದರೆ ಕೆರೆಯ ಹೂಳು, ಕಂದಾಯದ ಭಾರ, ಧಾನ್ಯದ ರಫ್ತು ಇವುಗಳ ವಿಚಾರಣೆ ಅಷ್ಟರಮಟ್ಟಿಗೆ ಹಗುರವಾಗುತ್ತದೆ. ಎಂಜಿನಿಯರಿಂಗನ್ನು ವೃತ್ತಿಯಾಗಿ ಆರಿಸಿಕೊಂಡ ಯುವಕನಿಗೆ ಈ ವಾದಗಳಿಗಿಂತ ಬೇರೆಯಾದ ದಾರಿಯೊಂದು ತೆರೆದಿತ್ತು. ಬಿದ್ದ ಮಳೆಯನ್ನು ಅಳೆಯುವುದು, ಹರಿದ ನೀರನ್ನು ಅಳೆಯುವುದು, ಉಳಿದುದನ್ನು ಹಿಡಿದಿಡುವುದು ಆ ದಾರಿ. ಅವರು ಜೀವನದುದ್ದಕ್ಕೂ ಅದರಲ್ಲಿಯೇ ನಡೆದರು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆತಂದಿತು. 1883ರಲ್ಲಿ ಅಲ್ಲಿಯ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು. ಹೊರನಾಡಿನಲ್ಲಿದ್ದು ಕನ್ನಡ ಓದುವ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಮೈಸೂರಿನ ಶಿಲ್ಪಿಯೆಂದು ನಾಡು ಕೊಂಡಾಡುವ ಈ ವ್ಯಕ್ತಿ ತಮ್ಮ ವೃತ್ತಿಯ ಮೊದಲ ಇಪ್ಪತ್ತೈದು ವರ್ಷಗಳನ್ನು ಮೈಸೂರಿನ ಹೊರಗೆ ಕಳೆದರು. ನಾಸಿಕ, ಧುಳೆ, ಪುಣೆ, ಸೂರತ್, ಸಿಂಧ್ ಪ್ರಾಂತದ ಸಕ್ಕರ್ ಇವೆಲ್ಲ ಅವರ ಪಾಠಶಾಲೆಗಳು. ನೀರಾ ಕಾಲುವೆಯ ಬಯಲಿನಲ್ಲಿ ನೀರನ್ನು ಹೆಚ್ಚು ರೈತರಿಗೆ ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಪುಣೆಗೆ ನೀರೊದಗಿಸುವ ಖಡಕ್‌ವಾಸ್ಲಾ ಅಣೆಕಟ್ಟೆಗೆ 1903ರಲ್ಲಿ ತಾವೇ ರಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುವಂತಾಯಿತು. ನೀರು ಒಂದು ಮಟ್ಟವನ್ನು ಮೀರಿದೊಡನೆ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತಿದ್ದವು, ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ಇರುವ ಸಂಪನ್ಮೂಲದಿಂದಲೇ ಹೆಚ್ಚಿನದನ್ನು ಪಡೆಯುವ ಈ ಮನೋಧರ್ಮ ಮುಂದೆ ಮೈಸೂರಿನಲ್ಲಿ ಅವರ ನೀತಿಯೇ ಆಯಿತು.

1898ರಲ್ಲಿ ಅವರು ಜಪಾನಿಗೆ ಹೋಗಿ ಬಂದರು. ಶಿಕ್ಷಣ ಮತ್ತು ಕೈಗಾರಿಕೆಗಳ ಬಲದಿಂದ ಒಂದು ತಲೆಮಾರಿನೊಳಗೆ ತಲೆಯೆತ್ತಿದ ಏಷ್ಯಾದ ರಾಷ್ಟ್ರವೊಂದನ್ನು ಕಣ್ಣಾರೆ ಕಂಡ ಪರಿಣಾಮ ಅವರ ಮುಂದಿನ ಬರವಣಿಗೆಯಲ್ಲೆಲ್ಲ ಕಾಣುತ್ತದೆ. ಭಾರತೀಯರಿಗೆ ಇಲಾಖೆಯ ಅತ್ಯುನ್ನತ ಸ್ಥಾನ ದೊರೆಯುವ ಭರವಸೆ ಇಲ್ಲದಿದ್ದುದರಿಂದ ಅವರು ಮುಂಬಯಿ ಸರ್ಕಾರದ ಸೇವೆಯಿಂದ ಅವಧಿಗೆ ಮುಂಚೆಯೇ ನಿವೃತ್ತರಾದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮ ಸರ್ಕಾರ ಅವರನ್ನು ಸಲಹೆಗಾಗಿ ಕರೆಸಿಕೊಂಡಿತು. ಇಂದು ಆ ನಗರದ ಜನ ಬಲ್ಲ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳ ಹಿಂದೆ ಅವರು ಸಿದ್ಧಪಡಿಸಿದ ವರದಿಯಿದೆ. ಆ ಕಾರ್ಯದಲ್ಲಿ ತೊಡಗಿರುವಾಗಲೇ ಮೈಸೂರಿನಿಂದ ಆಹ್ವಾನ ಬಂದಿತು. 1909ರ ನವೆಂಬರಿನಲ್ಲಿ ಅವರು ಸಂಸ್ಥಾನದ ಮುಖ್ಯ ಎಂಜಿನಿಯರರಾದರು.

ಆ ಹೊತ್ತಿಗೆ ಮೈಸೂರು ತನ್ನ ಪ್ರಶ್ನೆಗೆ ಮೊದಲ ಉತ್ತರವನ್ನು ಕಂಡುಕೊಂಡಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಕಾರ್ಯಗತವಾಗಿ, ಕಾವೇರಿಯ ಶಕ್ತಿ 92 ಮೈಲಿ ದೂರದ ಕೋಲಾರದ ಗಣಿಗಳನ್ನು ತಲುಪಿತ್ತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ಯುವುದು ಆ ಕಾಲದ ಜಗತ್ತಿನಲ್ಲಿಯೇ ಅಪರೂಪದ ಸಾಹಸ. ಅದುವರೆಗೆ ಗಣಿಯ ಯಂತ್ರಗಳನ್ನು ನಡೆಸುತ್ತಿದ್ದುದು ಉಗಿ. ಉಗಿಗೆ ಸೌದೆ ಬೇಕು, ಇಲ್ಲವೆ ದೂರದಿಂದ ಕೊಂಡು ತರುವ ಕಲ್ಲಿದ್ದಲು ಬೇಕು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪ ಬಂದಿತು. ಆದರೆ ಈ ಉತ್ತರದಲ್ಲಿ ಒಂದು ಲೋಪವಿದ್ದಿತು. ಮಳೆಗಾಲದಲ್ಲಿ ಭೋರ್ಗರೆಯುವ ಕಾವೇರಿ ಬೇಸಗೆಯಲ್ಲಿ ಸೊರಗುತ್ತಿತ್ತು, ಅದರೊಡನೆ ವಿದ್ಯುತ್ತೂ ಸೊರಗುತ್ತಿತ್ತು. ಗಣಿಯವರು ಹೆಚ್ಚಿನ ಶಕ್ತಿಯನ್ನು ಕೇಳುತ್ತಿದ್ದರು. ಕೊಡಬೇಕಾದರೆ ಮಳೆಗಾಲದ ನೀರನ್ನು ಬೇಸಗೆಗೆ ಉಳಿಸಬೇಕಾಗಿತ್ತು.

ಕನ್ನಂಬಾಡಿಯ ಅಣೆಕಟ್ಟೆಯನ್ನು ನಾವು ಸಾಮಾನ್ಯವಾಗಿ ಮಂಡ್ಯದ ಹಸಿರು ಗದ್ದೆಗಳೊಡನೆ ನೆನೆಯುತ್ತೇವೆ. ಅದರ ಹುಟ್ಟಿನಲ್ಲಿ ನೀರಾವರಿಯಷ್ಟೇ ಮುಖ್ಯವಾಗಿ ವಿದ್ಯುತ್ತಿನ ಈ ಅಗತ್ಯ ಅಡಗಿತ್ತೆಂಬುದನ್ನು ಮರೆಯಲಾಗದು. ಸಂಸ್ಥಾನದ ಹಣಕಾಸಿನ ಹೊಣೆ ಹೊತ್ತವರು ಇಷ್ಟು ದೊಡ್ಡ ವೆಚ್ಚಕ್ಕೆ ಹಿಂಜರಿದರು. ಗಣಿಗಳಿಗೆ ಮಾರುವ ವಿದ್ಯುತ್ತಿನ ಆದಾಯ ಎಷ್ಟು, ನೀರಾವರಿಯಿಂದ ಬರುವ ಕಂದಾಯ ಎಷ್ಟು, ಸಾಲದ ಬಡ್ಡಿ ಎಷ್ಟು ಎಂಬುದನ್ನು ಮುಂದಿಟ್ಟು ವಿಶ್ವೇಶ್ವರಯ್ಯನವರು ವಾದಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ದೊರೆತು 1911ರಲ್ಲಿ ಕೆಲಸ ಆರಂಭವಾಯಿತು. ಕೆಳಗಿನ ಹರಿವಿನ ಹಕ್ಕುಳ್ಳ ಮದರಾಸು ಸರ್ಕಾರದ ಆಕ್ಷೇಪಣೆ ಬಂದಿತು. ಮೊದಲ ಹಂತದ ಎತ್ತರಕ್ಕೆ ಮಾತ್ರ ಒಪ್ಪಿಗೆಯಿದ್ದಾಗಲೂ ಅವರು ಬುನಾದಿಯನ್ನು ಪೂರ್ಣ ಎತ್ತರಕ್ಕೆ ತಕ್ಕಂತೆ ಹಾಕಿಸಿದರು. ಮದರಾಸಿನೊಡನೆ 1924ರಲ್ಲಿ ಒಪ್ಪಂದವಾಗಿ, 1930ರ ದಶಕದ ಆದಿಯಲ್ಲಿ ಕಟ್ಟೆ ಮುಗಿಯಿತು. ಸುಮಾರು 130 ಅಡಿ ಎತ್ತರ, ಎರಡೂವರೆ ಕಿಲೋಮೀಟರಿಗೂ ಮಿಕ್ಕ ಉದ್ದ, 49 ಟಿಎಂಸಿಯಷ್ಟು ನೀರನ್ನು ಹಿಡಿಯುವ ಸಾಮರ್ಥ್ಯ. ಸಿಮೆಂಟನ್ನು ಹೊರದೇಶದಿಂದ ತರಿಸಬೇಕಾಗಿದ್ದ ಆ ದಿನಗಳಲ್ಲಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ನಾಡಿನ ಮಣ್ಣಿನಿಂದಲೇ ದೊರೆತ ಗಾರೆ ಅದು.

1912ರ ನವೆಂಬರಿನಲ್ಲಿ ಅವರು ದಿವಾನರಾದರು. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದವು. 1914ರ ಮಹಾಯುದ್ಧ ಅವರ ಮುಂದೆ ಸಂಪನ್ಮೂಲದ ಸ್ವಾವಲಂಬನೆಯ ಪ್ರಶ್ನೆಯನ್ನು ಹೊಸ ರೂಪದಲ್ಲಿ ತಂದು ನಿಲ್ಲಿಸಿತು. ಅದುವರೆಗೆ ಮೈಸೂರಿನ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧದಿಂದ ಹಡಗುಗಳು ನಿಂತವು, ಕೊರಡುಗಳು ಸಂಸ್ಥಾನದ ಕೊಠಾರಗಳಲ್ಲಿ ರಾಶಿಬಿದ್ದವು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತಲೆಯೆತ್ತಿತು. ಕಚ್ಚಾ ವಸ್ತುವನ್ನು ಮಾರಿ ಸಿದ್ಧ ವಸ್ತುವನ್ನು ಕೊಳ್ಳುವ ನಾಡು ಪರರ ಯುದ್ಧಕ್ಕೂ ಪರರ ಸಂಧಿಗೂ ಒತ್ತೆಯಾಗಿರುತ್ತದೆ ಎಂಬ ಪಾಠವನ್ನು ಈ ಸಣ್ಣ ಉದಾಹರಣೆ ಕಲಿಸಿತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಈ ಪಾಠದ ಅತ್ಯಂತ ಕಠಿಣವಾದ ಪ್ರಯೋಗ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇದ್ದಿತು, ಸಮೀಪದಲ್ಲಿಯೇ ಸುಣ್ಣಕಲ್ಲು ಇದ್ದಿತು. ಅದಿರನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಮಾತ್ರ ಇರಲಿಲ್ಲ. ಆದ್ದರಿಂದ ಮರದ ಇದ್ದಲಿನಿಂದ ಊದುಕುಲುಮೆಯನ್ನು ನಡೆಸುವ ಯೋಜನೆ ಸಿದ್ಧವಾಯಿತು. ಮರವನ್ನು ಬಯಲಿನಲ್ಲಿ ಸುಟ್ಟು ಇದ್ದಲು ಮಾಡಿದರೆ ಹೊಗೆಯೊಡನೆ ಹೋಗಿಬಿಡುವ ದ್ರವ್ಯಗಳನ್ನು ಮುಚ್ಚಿದ ಪಾತ್ರೆಯಲ್ಲಿ ಬಟ್ಟಿಯಿಳಿಸಿ ಹಿಡಿಯಬಹುದು. ಇದ್ದಲಿನೊಡನೆ ಮರದ ಮದ್ಯಸಾರ, ಟಾರು ಮೊದಲಾದವೂ ದೊರೆಯುತ್ತವೆ, ಅವುಗಳ ಮಾರಾಟದಿಂದ ಇದ್ದಲಿನ ವೆಚ್ಚ ತಗ್ಗುತ್ತದೆ ಎಂಬುದು ಲೆಕ್ಕಾಚಾರ. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಕಬ್ಬಿಣದ ಜೊತೆಗೆ ಮರದ ಬಟ್ಟಿಯೂ ಸೇರಿದ್ದಿತು. 1918ರ ಕೊನೆಯಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ನೀಡುವ ವಿಷಯದಲ್ಲಿ ಮಹಾರಾಜರ ನಿಲುವಿಗೂ ತಮ್ಮ ನಿಲುವಿಗೂ ಹೊಂದಿಕೆಯಾಗದೆ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಆ ವಿಷಯದಲ್ಲಿ ಕಾಲ ನಡೆದದ್ದು ಮಹಾರಾಜರ ದಾರಿಯಲ್ಲಿ. 1923ರಲ್ಲಿ ಭದ್ರಾವತಿಯ ಕುಲುಮೆ ಉರಿಯಲಾರಂಭಿಸಿತು. ಅಷ್ಟರಲ್ಲಿ ಯುದ್ಧಕಾಲದ ಬೆಲೆ ಕುಸಿದು ಬೀಡು ಕಬ್ಬಿಣಕ್ಕೆ ಗಿರಾಕಿಯಿಲ್ಲದಂತಾಗಿತ್ತು. ಬಿಳಿಯಾನೆಯನ್ನು ಸಾಕಲಾಗದು ಎಂಬ ಟೀಕೆ ಎಲ್ಲೆಡೆ ಕೇಳಿಬಂದಿತು. ಮಹಾರಾಜರ ಕೋರಿಕೆಯಂತೆ ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ಅದನ್ನು ಮುನ್ನಡೆಸಿದರು. ಹೊರದೇಶದ ತಜ್ಞರ ಜಾಗದಲ್ಲಿ ನಾಡಿನ ತರುಣರನ್ನು ತರಬೇತು ಮಾಡಿ ನಿಲ್ಲಿಸಿದರು. 1936ರ ವೇಳೆಗೆ ಅಲ್ಲಿ ಉಕ್ಕೂ ತಯಾರಾಯಿತು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಬೆಂಗಳೂರಿನಲ್ಲಿ ಔದ್ಯೋಗಿಕ ಶಿಕ್ಷಣ ಸಂಸ್ಥೆಯೊಂದನ್ನು ತೆರೆಯಲು ಬಿಟ್ಟುಕೊಟ್ಟದ್ದು ಪ್ರಸಿದ್ಧ ಸಂಗತಿ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕಾಗಿದೆ. ಭದ್ರಾವತಿಯ ಕುಲುಮೆಗೆ ದಿನವೂ ಕಾಡಿನಿಂದ ಮರ ಬರಬೇಕಾಗಿತ್ತು. ಕಡಿದ ಕಾಡು ಮತ್ತೆ ಬೆಳೆಯುತ್ತದೆ, ಬಗೆದ ಗಣಿ ಬೆಳೆಯುವುದಿಲ್ಲ ಎಂಬ ವಾದ ತರ್ಕಕ್ಕೆ ಸರಿಯಾದದ್ದೇ. ಆದರೆ ಕುಲುಮೆಯ ಹಸಿವಿನ ವೇಗ ಮತ್ತು ಕಾಡು ಬೆಳೆಯುವ ವೇಗ ಎರಡೂ ಒಂದೇ ಅಲ್ಲ. ಮಲೆನಾಡಿನ ಮಿಶ್ರವನವನ್ನು ಕಡಿದ ಜಾಗದಲ್ಲಿ ಬೆಳೆಯುವುದು ಮತ್ತೆ ಅದೇ ವನವಲ್ಲ. ಕೊನೆಗೆ 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಭದ್ರಾವತಿಗೆ ಬಂದು ಮರದ ಮೇಲಿನ ಭಾರವನ್ನು ಇಳಿಸಿದವು. ಒಂದು ಪರ್ಯಾಯದ ಕೊರತೆಯನ್ನು ಇನ್ನೊಂದು ಪರ್ಯಾಯ ತುಂಬಬೇಕಾಯಿತು.

ಜೋಗದ ವಿಷಯದಲ್ಲಿ ಜನರಲ್ಲಿ ಒಂದು ಪ್ರತೀತಿಯಿದೆ. ಜಲಪಾತದ ಸೊಬಗಿಗೆ ಎಲ್ಲರೂ ಮೈಮರೆತಿದ್ದಾಗ ವಿಶ್ವೇಶ್ವರಯ್ಯನವರು ವ್ಯರ್ಥವಾಗುತ್ತಿರುವ ಶಕ್ತಿಗಾಗಿ ಮರುಗಿದರಂತೆ. ಈ ಕತೆಯ ಮೂಲ ಏನೇ ಇರಲಿ, ಅವರ ಸ್ವಭಾವಕ್ಕೆ ಅದು ಹೊಂದುತ್ತದೆ. ಶರಾವತಿಯ ಶಕ್ತಿಯನ್ನು ಬಳಸುವ ವಿಚಾರ ಅವರ ಕಾಲದಲ್ಲಿಯೇ ಮೊಳೆತಿತ್ತು. ಯೋಜನೆಯ ಕೆಲಸ 1939ರಲ್ಲಿ ಆರಂಭವಾಗಿ, 1948ರಲ್ಲಿ ವಿದ್ಯುತ್ತು ಹರಿಯಿತು. ಕೇಂದ್ರಕ್ಕೆ ಮಹಾತ್ಮಾ ಗಾಂಧಿಯವರ ಹೆಸರನ್ನಿಟ್ಟರು.

ಆ ಹೆಸರಿನಲ್ಲಿ ಒಂದು ವಿಪರ್ಯಾಸವಿದೆ. ಭಾರೀ ಯಂತ್ರೋದ್ಯಮದ ಪ್ರಶ್ನೆಯಲ್ಲಿ ಗಾಂಧೀಜಿಯವರೂ ವಿಶ್ವೇಶ್ವರಯ್ಯನವರೂ ಎರಡು ದಡಗಳಲ್ಲಿ ನಿಂತವರು. 1920ರಲ್ಲಿ ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ, 1934ರಲ್ಲಿ ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ ಎಂಬ ಇಂಗ್ಲಿಷ್ ಕೃತಿಗಳನ್ನು ಪ್ರಕಟಿಸಿದ ವಿಶ್ವೇಶ್ವರಯ್ಯನವರಿಗೆ ಕೈಗಾರಿಕೆಯಿಲ್ಲದೆ ದೇಶಕ್ಕೆ ಬದುಕಿಲ್ಲವೆಂಬುದು ಸಿದ್ಧಾಂತವಾಗಿತ್ತು. ಗಾಂಧೀಜಿಯವರಿಗೆ ಹಳ್ಳಿಯ ಕೈಗಳಿಗೆ ಕೆಲಸವಿಲ್ಲದಂತೆ ಮಾಡುವ ಯಂತ್ರ ಸ್ವರಾಜ್ಯದ ಸಾಧನವಾಗಿ ತೋರಲಿಲ್ಲ. ಇಬ್ಬರ ನಡುವೆ ಈ ಭಿನ್ನಾಭಿಪ್ರಾಯವನ್ನು ಕುರಿತು ಪತ್ರವ್ಯವಹಾರ ನಡೆಯಿತು. ಪರಸ್ಪರ ಗೌರವಕ್ಕೆ ಅದರಿಂದ ಕುಂದು ಬರಲಿಲ್ಲ. ಪರಾವಲಂಬನೆಯಿಂದ ಬಿಡುಗಡೆ ಹೊಂದಬೇಕೆಂಬ ಗುರಿ ಇಬ್ಬರದೂ ಒಂದೇ ಆಗಿದ್ದಿತು. ಒಬ್ಬರು ಅದಕ್ಕಾಗಿ ಹೆಚ್ಚಿನ ಶಕ್ತಿಯನ್ನು ಉತ್ಪಾದಿಸಬೇಕೆಂದರು, ಇನ್ನೊಬ್ಬರು ಅಗತ್ಯಗಳನ್ನು ಮಿತಗೊಳಿಸಬೇಕೆಂದರು. ಇಂದಿನ ಇಂಧನ ಚರ್ಚೆಗಳಲ್ಲಿ ಈ ಎರಡು ದನಿಗಳೂ ಬೇರೆ ಬೇರೆ ಹೆಸರುಗಳಲ್ಲಿ ಕೇಳಿಬರುತ್ತಿವೆ.

ಇದೇ ವಾದ ಮುಂಬಯಿ ಪುಣೆಗಳ ನಡುವೆ ಮತ್ತೊಂದು ರೂಪದಲ್ಲಿ ನಡೆದಿತ್ತು. ಮುಂಬಯಿಯ ಬಟ್ಟೆ ಗಿರಣಿಗಳು ಕಲ್ಲಿದ್ದಲಿನ ಹೊಗೆಯುಗುಳುತ್ತಿದ್ದ ಕಾಲದಲ್ಲಿ ಟಾಟಾ ಸಂಸ್ಥೆಯವರು ಸಹ್ಯಾದ್ರಿಯ ಮಳೆನೀರನ್ನು ಲೋಣಾವಳೆಯ ಸುತ್ತ ಹಿಡಿದಿಟ್ಟು, 1915ರಲ್ಲಿ ಖೋಪೋಲಿಯಿಂದ ಗಿರಣಿಗಳಿಗೆ ಜಲವಿದ್ಯುತ್ತನ್ನು ಒದಗಿಸಿದರು. ಅದರ ಮುಂದುವರಿಕೆಯಾಗಿ ಮುಳಶಿಯಲ್ಲಿ ಅಣೆಕಟ್ಟೆ ಕಟ್ಟಹೊರಟಾಗ 1921ರಲ್ಲಿ ಭೂಮಿ ಕಳೆದುಕೊಳ್ಳುವ ಮಾವಳ ಪ್ರದೇಶದ ರೈತರು ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಅದರ ನಾಯಕರಾದರು. ಸತ್ಯಾಗ್ರಹ ಸೋತಿತು, ಅಣೆಕಟ್ಟೆ ನಿಂತಿತು. ಹೊಗೆಯಿಲ್ಲದ ಶಕ್ತಿಗೂ ಬೆಲೆಯಿದೆ, ಅದನ್ನು ತೆರುವವರು ಅದರ ಬೆಳಕನ್ನು ಕಾಣುವವರೇ ಆಗಿರಬೇಕೆಂದಿಲ್ಲ ಎಂಬುದನ್ನು ಈ ದೇಶ ಮೊದಲು ಕಲಿತದ್ದು ಅಲ್ಲಿ. ಕನ್ನಂಬಾಡಿಯಲ್ಲಿಯೂ ಆ ಹೆಸರಿನ ಹಳ್ಳಿಯೊಡನೆ ಹಲವು ಊರುಗಳೂ ದೇಗುಲಗಳೂ ನೀರಿನಲ್ಲಿ ಮುಳುಗಿದವು. ಪರಿಹಾರ ಕೊಡಲಾಯಿತು, ಹೊಸ ಊರುಗಳು ಏರ್ಪಟ್ಟವು. ಆದರೆ ವಿಶ್ವೇಶ್ವರಯ್ಯನವರು ಅಷ್ಟು ನಿಷ್ಠೆಯಿಂದ ಬರೆದ ಲೆಕ್ಕದ ಪುಸ್ತಕದಲ್ಲಿ ಹಣದ ರೂಪಕ್ಕೆ ಬಾರದ ನಷ್ಟಕ್ಕೆ ಪ್ರತ್ಯೇಕ ಅಂಕಣವಿರಲಿಲ್ಲ. ಅದು ಅವರೊಬ್ಬರ ಕೊರತೆಯಲ್ಲ, ಆ ಕಾಲದ ಎಂಜಿನಿಯರಿಂಗ್ ಶಾಸ್ತ್ರದ್ದೇ ಕೊರತೆ.

ಅವರ ಉತ್ತರ ಜೀವನದ ಬಹು ವರ್ಷಗಳು ಮತ್ತೆ ಮುಂಬಯಿಯ ಉದ್ಯಮ ವಲಯದೊಡನೆ ಹೊಂದಿಕೊಂಡಿದ್ದವು. 1930ರ ದಶಕದ ನಡುವಿನಲ್ಲಿ ವಾಲ್‌ಚಂದ್ ಹೀರಾಚಂದರೊಡನೆ ಕೂಡಿ ಮೋಟಾರು ಕಾರಿನ ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದರು. ಬ್ರಿಟಿಷ್ ಸರ್ಕಾರ ಬೆಂಬಲ ನೀಡಲಿಲ್ಲ. 1941ರಲ್ಲಿ ಅಖಿಲ ಭಾರತ ತಯಾರಕರ ಸಂಸ್ಥೆಯನ್ನು ಕಟ್ಟಿದರು. 1951ರಲ್ಲಿ ತಮ್ಮ ಕಾರ್ಯಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ತೊಂಬತ್ತು ದಾಟಿದ ಮೇಲೂ ಗಂಗಾನದಿಯ ಸೇತುವೆಗೆ ಸ್ಥಳ ಆರಿಸುವ ಸಮಿತಿಯ ಹೊಣೆ ಹೊತ್ತರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರನ್ನು ಮುಟ್ಟಿದ ಬದುಕು 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಮುಗಿಯಿತು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿಯೇ ಅಂತ್ಯಕ್ರಿಯೆ ನಡೆಯಿತು.

ಅವರ ನಂತರ ಕರ್ನಾಟಕ ಎರಡು ದಶಕಗಳಿಗೂ ಹೆಚ್ಚು ಕಾಲ ಬಹುಮಟ್ಟಿಗೆ ಜಲವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು. ಮಳೆ ತಪ್ಪಿದಾಗಲೆಲ್ಲ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ತಪ್ಪಲಿಲ್ಲ. 1985ರಲ್ಲಿ ರಾಯಚೂರಿನ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾದಾಗ ಕಲ್ಲಿದ್ದಲಿಲ್ಲದ ನಾಡು ಹೊರಗಿನಿಂದ ರೈಲಿನಲ್ಲಿ ಬರುವ ಕಲ್ಲಿದ್ದಲಿಗೆ ಕೈಯೊಡ್ಡಿತು. 2019ರ ವೇಳೆಗೆ ಕ್ಷಾಮಪೀಡಿತ ಪಾವಗಡದ ಬಯಲಿನಲ್ಲಿ 2050 ಮೆಗಾವಾಟ್ ಸೌರಶಕ್ತಿಯ ಕೇಂದ್ರ ಪೂರ್ಣಗೊಂಡಿತು. ಯಾವ ಸೂರ್ಯನನ್ನು 1877ರಲ್ಲಿ ಕ್ಷಾಮಕ್ಕೆ ಹೊಣೆಗಾರನನ್ನಾಗಿ ಮಾಡಲಾಗಿತ್ತೋ ಅದೇ ಸೂರ್ಯ ಅಲ್ಲಿ ಬೆಳಕಿನ ಬೆಳೆ ಕೊಡುತ್ತಿದ್ದಾನೆ. ಭೂಮಿಯ ಬಿಸಿ ಏರುತ್ತಿರುವುದಕ್ಕೂ ಸೂರ್ಯನನ್ನೇ ಕಾರಣವಾಗಿ ತೋರಿಸುವವರು ಇಂದಿಗೂ ಇದ್ದಾರೆ. ಆದರೆ 1970ರ ದಶಕದ ಕೊನೆಯಿಂದ ಉಪಗ್ರಹಗಳು ಮಾಡಿರುವ ಅಳತೆಯಲ್ಲಿ ಸೂರ್ಯನ ತಾಪ ಹೆಚ್ಚಿಲ್ಲ, ಭೂಮಿಯ ಬಿಸಿ ಮಾತ್ರ ಹೆಚ್ಚಿದೆ. ಕಲ್ಲಿದ್ದಲಿನ ಹೊಗೆಯಿಂದ ವಾತಾವರಣ ಕಾಯಬಹುದೆಂಬ ಲೆಕ್ಕವನ್ನು ಸ್ವೀಡನ್ನಿನ ರಸಾಯನವಿಜ್ಞಾನಿ ಅರ್ಹೇನಿಯಸ್ 1896ರಷ್ಟು ಹಿಂದೆಯೇ ಮಾಡಿದ್ದರು. ಆ ಲೆಕ್ಕ ಆಡಳಿತದ ಮೇಜನ್ನು ತಲುಪಲು ಸುಮಾರು ನೂರು ವರ್ಷ ಬೇಕಾಯಿತು.

ಹೀಗಿರುವಾಗ ವಿಶ್ವೇಶ್ವರಯ್ಯನವರನ್ನು ಇಂದು ಓದುವುದು ಹೇಗೆ? ಜಲವಿದ್ಯುತ್ತಿನ ಆರಾಧಕರೆಂದು ಕೈಮುಗಿಯುವುದೂ ಕಾಡು ಮುಳುಗಿಸಿದವರ ಮೊದಲಿಗರೆಂದು ದೂರುವುದೂ ಎರಡೂ ಸುಲಭ. ನಂಬಿಕೆಯ ಬದಲು ಅಳತೆಯನ್ನು, ಆವೇಶದ ಬದಲು ಅಂದಾಜುಪಟ್ಟಿಯನ್ನು ವಾದದ ನೆಲೆಯಾಗಿಸಿದ್ದು ಅವರ ನಿಜವಾದ ಕೊಡುಗೆ. ಶರಾವತಿಯ ಕಣಿವೆಯಲ್ಲಾಗಲಿ ಪಶ್ಚಿಮಘಟ್ಟದ ಬೇರೆಡೆಯಲ್ಲಾಗಲಿ ಹೊಸ ಯೋಜನೆಯೊಂದು ಬಂದಾಗ ಅವರ ರೀತಿಯನ್ನು ಅನುಸರಿಸುವುದೆಂದರೆ ಮೆಗಾವಾಟುಗಳನ್ನು ಎಣಿಸುವುದಷ್ಟೇ ಅಲ್ಲ. ಅವರು ಬಿಟ್ಟ ಅಂಕಣವನ್ನು ಗೆರೆಯೆಳೆದು ಸೇರಿಸಿ, ಅಷ್ಟೇ ಪ್ರಾಮಾಣಿಕವಾಗಿ ತುಂಬುವುದು.

ಜೋಗದ ವಿದ್ಯುತ್ತಿಗಾಗಿ ಮೊದಲು ಕಟ್ಟಿದ್ದು ಹಿರೇಭಾಸ್ಕರದ ಅಣೆಕಟ್ಟೆ. ಅದಕ್ಕಾಗಿ ಮನೆ ಗದ್ದೆಗಳನ್ನು ಬಿಟ್ಟವರಿದ್ದರು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಕಟ್ಟೆ ಮುಗಿದಾಗ ಆ ಮೊದಲ ಅಣೆಕಟ್ಟೆಯೇ ನೀರಿನಲ್ಲಿ ಮುಳುಗಿತು, ಮತ್ತಷ್ಟು ಜನ ಊರು ಬಿಟ್ಟರು. ಮಳೆ ಕಡಮೆಯಾದ ವರ್ಷಗಳ ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಹಿರೇಭಾಸ್ಕರದ ಕಟ್ಟೆ ಮತ್ತೆ ತಲೆದೋರುತ್ತದೆ. ನಾಡಿಗೆ ವಿದ್ಯುತ್ತಿನ ಕೊರತೆಯುಂಟಾಗುವುದೂ ಅಂಥ ವರ್ಷಗಳಲ್ಲಿಯೇ.